ಕೊಳಗ ಯಾರ ಕೈಯಲ್ಲಿ?

ಫಾಲ್ಗುಣದ ಜಾತ್ರೆಯ ವರದಿಗೆಂದು ನಾವು ಆದಿಚುಂಚನಗಿರಿಗೆ ಹೋಗಿದ್ದಾಗ ನಮ್ಮ ಪತ್ರಿಕೆಯ ಏಕೈಕ ಲ್ಯಾಪ್‌ಟಾಪ್ ಮುಷ್ಕರ ಹೂಡಿತು. ಬೆಟ್ಟದ ಬುಡದ ಚಹದಂಗಡಿಯಲ್ಲಿ ತಂತಿ ಚುಚ್ಚಿದರೆ ನಡೆಯುತ್ತದೆ. ಕಿತ್ತರೆ ಆ ಕ್ಷಣವೇ ಪ್ರಾಣ ಬಿಡುತ್ತದೆ. ಬ್ಯಾಟರಿಯ ಗುರುತಿನ ಬಳಿ ಇಂಗ್ಲಿಷಿನ ಒಂದೇ ಸಾಲು: ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್. ಅಂದರೆ, ಎಲೆಯ ಮುಂದೆ ಕೂತಿದ್ದೇನೆ, ಉಣ್ಣುತ್ತಿಲ್ಲ. ಏಕೆ ಉಣ್ಣುತ್ತಿಲ್ಲ ಎಂಬುದನ್ನು ಮಾತ್ರ ಅದು ಹೇಳಲೊಲ್ಲದು.

ಬೆಂಗಳೂರಿನ ಒಂದು ರಿಪೇರಿ ಕೇಂದ್ರಕ್ಕೆ ಒಯ್ದೆವು. ಅಲ್ಲಿಯ ಮಹನೀಯರು ಐದೇ ನಿಮಿಷದಲ್ಲಿ ತೀರ್ಪಿತ್ತರು: ಬ್ಯಾಟರಿ ಹೋಗಿದೆ, ಮದರ್‌ಬೋರ್ಡೂ ಹೋಗಿದೆ, 18,000 ರೂಪಾಯಿ. ನಮ್ಮ ಪತ್ರಿಕೆಯ ಖಜಾನೆಯನ್ನು ಬಲ್ಲ ವಾಚಕರು ನಮ್ಮ ಮುಖ ಹೇಗಾಗಿದ್ದೀತೆಂದು ಊಹಿಸಬಲ್ಲರು. ಮತ್ತೊಮ್ಮೆ ನಾಗಮಂಗಲದ ಕಡೆ ಹೋದಾಗ ಬೆಳ್ಳೂರು ಕ್ರಾಸಿನಲ್ಲಿ ಮೊಬೈಲ್ ರಿಪೇರಿ ಮಾಡುವ ಒಬ್ಬ ಹುಡುಗನಿಗೆ ತೋರಿಸಿದೆವು. ಅವನು ಯಂತ್ರವನ್ನು ಬಿಚ್ಚಲೇ ಇಲ್ಲ. ಪಕ್ಕದ ಅಂಗಡಿಯಿಂದ ಅದೇ ಕಂಪೆನಿಯ ಅಡಾಪ್ಟರ್ ಎರವಲು ತಂದು ಚುಚ್ಚಿದ; ಬ್ಯಾಟರಿ ತುಂಬತೊಡಗಿತು. ನಮ್ಮ ಅಡಾಪ್ಟರಿನ ಮೂತಿಯ ನಡುವೆ ಇರುವ, ಕೂದಲೆಳೆಯಂಥ ಪಿನ್ನು ಮುರಿದಿತ್ತು. ಅಷ್ಟೇ! ಹಳೆಯ ಅಡಾಪ್ಟರೊಂದನ್ನು 900 ರೂಪಾಯಿಗೆ ಕೊಂಡು ಮನೆಗೆ ಬಂದೆವು.

ಆ ಪಿನ್ನಿನ ಕೆಲಸವೇನು? ಯಂತ್ರವನ್ನು ನಡೆಸುವ ವಿದ್ಯುತ್ತು ಅದರಲ್ಲಿ ಹರಿಯುವುದಿಲ್ಲ. ಅಡಾಪ್ಟರಿನೊಳಗಿನ ಒಂದು ಚಿಪ್ಪು ಅದರ ಮೂಲಕ ತನ್ನ ಗುರುತು ಹೇಳುತ್ತದೆ: ನಾನು ಇಂಥ ಕಂಪೆನಿಯವನು, ನನ್ನ ಬಲ ಇಷ್ಟು ವ್ಯಾಟ್. ಉತ್ತರ ಬಾರದಿದ್ದರೆ ಯಂತ್ರ ತಾನು ಮೆಲ್ಲಗೆ ನಡೆದೀತೇ ಹೊರತು ಬ್ಯಾಟರಿಗೆ ಬಡಿಸುವುದಿಲ್ಲ. ಅನ್ನವೂ ಇದೆ, ಹಸಿವೂ ಇದೆ. ಆದರೆ ಬಂದವನ ಕುಲಗೋತ್ರ ಗೊತ್ತಾಗದೆ ಬಡಿಸಲಾಗದು. ಪಂಕ್ತಿಭೇದವು ಊಟದ ಮನೆಯಿಂದ ವಿದ್ಯುತ್ತಿಗೂ ಬಂದಿದೆ.

ಇದೇ ಕಷ್ಟದಲ್ಲಿರುವ ವಿದ್ಯಾರ್ಥಿಗಳಿಗೂ ಗುಮಾಸ್ತರಿಗೂ ನಾವು ಕಲಿತದ್ದನ್ನು ಹೇಳುವುದು ನಮ್ಮ ಕರ್ತವ್ಯ. ಮೊದಲು ಬೇರೊಂದು ಸಾಕೆಟ್, ಬಳಿಕ ಅಷ್ಟೇ ವ್ಯಾಟಿನ ಅದೇ ಬಗೆಯ ಬೇರೊಂದು ಅಡಾಪ್ಟರ್ ನೋಡಬೇಕು. ಆಮೇಲೆ ಯಂತ್ರವನ್ನು ಪೂರ್ಣ ಆರಿಸಿ, ತಂತಿ ಕಿತ್ತು, ಬ್ಯಾಟರಿ ಕಳಚುವಂಥದಾದರೆ ಕಳಚಿ, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಒಳಗೆ ಉಳಿದ ವಿದ್ಯುತ್ತು ಬಸಿದು ಎಷ್ಟೋ ಯಂತ್ರಗಳು ನೆಟ್ಟಗಾಗುತ್ತವೆ. ಚಾರ್ಜು 60 ಅಥವಾ 80ಕ್ಕೆ ನಿಂತಿದ್ದರೆ ಅದು ರೋಗವಲ್ಲ. ಬ್ಯಾಟರಿಯ ಆಯುಸ್ಸಿಗಾಗಿ ಇಟ್ಟ ಮಿತಿ, ಸೆಟ್ಟಿಂಗಿನಲ್ಲಿ ತೆಗೆಯಬಹುದು. ಯಂತ್ರ ಕೆಂಡದಂತೆ ಕಾದಿದ್ದರೂ ಚಾರ್ಜು ನಿಲ್ಲುತ್ತದೆ, ತಣಿಯಲು ಬಿಡಬೇಕು. ವಿಂಡೋಸ್ ಇದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಬ್ಯಾಟರಿಯ ಹೆಸರನ್ನು ಅಳಿಸಿ ಯಂತ್ರವನ್ನು ಮತ್ತೆ ಆರಂಭಿಸಿದರೆ ಅದು ಹೊಸದಾಗಿ ಗುರುತಿಸಿಕೊಳ್ಳುತ್ತದೆ. ಬಯಾಸಿನಲ್ಲೂ ಬ್ಯಾಟರಿ ಕಾಣದಿದ್ದರೆ ತಪ್ಪು ತಂತ್ರಾಂಶದ್ದಲ್ಲ; ಸಡಿಲವಾದ ಜೋಡಣೆಯೋ, ಸತ್ತ ಬ್ಯಾಟರಿಯೋ, ಬೋರ್ಡಿನ ದೋಷವೋ ಇರಬೇಕು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಯಾವ ಪ್ರಯೋಗವೂ ಬೇಡ. ಚುಚ್ಚಬಾರದು, ಒತ್ತಬಾರದು, ಚಾರ್ಜಿಗಿಡಬಾರದು. ಅದು ಬೆಂಕಿಯ ಪೊಟ್ಟಣ.

ಇಷ್ಟು ಹೇಳಿದ ಮೇಲೆ ನಮ್ಮ ಅಭಿಪ್ರಾಯವನ್ನೂ ಹೇಳಿಬಿಡುತ್ತೇವೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾವುದರ ಮೇಲೆ? ಭತ್ತ ಅಳೆಯುವ ಕೊಳಗದ ಮೇಲೆ. ಭತ್ತ ಬೆಳೆದವನು ಗೇಣಿದಾರ, ಕೊಳಗ ಮಾತ್ರ ಒಡೆಯನದು. ಒಡೆಯ ತುಂಬಿತೆಂದರೆ ತುಂಬಿತು. ಇಂದಿನ ಬ್ಯಾಟರಿಯೊಳಗೂ ಒಂದು ಕೊಳಗವಿದೆ. ಎಷ್ಟು ತುಂಬಿದೆ, ಎಷ್ಟು ಸವೆದಿದೆ, ಇನ್ನು ತುಂಬಬಹುದೇ ಬೇಡವೇ ಎಂದು ಅಳೆದು ಯಂತ್ರಕ್ಕೆ ವರದಿ ಮಾಡುವ ಚಿಪ್ಪು ಅದು. ಬ್ಯಾಟರಿಗೆ ಹಣ ಕೊಟ್ಟವರು ನಾವು. ಕೊಳಗದ ಕಟ್ಟಳೆ ಬರೆದವನು ಕಂಪೆನಿಯವನು. ಬೇರೆ ಕಡೆಯ ಬ್ಯಾಟರಿ ಹಾಕಿದರೆ ಕೆಲವು ಯಂತ್ರಗಳು ಅದನ್ನು ಒಪ್ಪುವುದೇ ಇಲ್ಲ.

ಕಂಪೆನಿಯ ಪರ ವಾದಿಸುವವರು ಒಂದು ಮಾತು ಹೇಳುತ್ತಾರೆ, ಅದರಲ್ಲಿ ಸತ್ಯವೂ ಇದೆ. ಲಿಥಿಯಂ ಕೋಶಕ್ಕೆ ಸಾಮಾನ್ಯವಾಗಿ 4.2 ವೋಲ್ಟ್ ಮೀರಿ ತುಂಬಿದರೆ ಅಪಾಯ, ಬಲ ಸಾಲದ ಅಡಾಪ್ಟರ್ ಸುಟ್ಟುಹೋದೀತು, ಕಾವಲು ಬೇಕು. ಬೇಕು, ನಾವೂ ಒಪ್ಪುತ್ತೇವೆ. ಆದರೆ ಕಾವಲುಗಾರ ಬೇರೆ, ಸುಂಕದವ ಬೇರೆ. ಕಾವಲುಗಾರನಾದವನು ಯಾವ ಕಾರಣಕ್ಕೆ ತಡೆದನೆಂದು ತಿಳಿಯುವ ಭಾಷೆಯಲ್ಲಿ ಹೇಳಬೇಕು. "ಅಡಾಪ್ಟರಿನ ಗುರುತು ಸಿಗುತ್ತಿಲ್ಲ, ಪಿನ್ನು ನೋಡಿ" ಎಂದು ಕನ್ನಡದಲ್ಲಿ ಒಂದು ಸಾಲು ಇದ್ದಿದ್ದರೆ 18,000 ರೂಪಾಯಿಯ ತೀರ್ಪು ಕೊಡುವ ಧೈರ್ಯ ಯಾರಿಗೂ ಆಗುತ್ತಿರಲಿಲ್ಲ. ಬಡವನನ್ನು ಸುಲಿಯಲು ಬೀಗವೊಂದೇ ಸಾಲದು. ಬೀಗದ ಮೇಲಿನ ಬರಹವೂ ಅವನಿಗೆ ತಿಳಿಯದಂತಿರಬೇಕು.

ಐರೋಪ್ಯ ಒಕ್ಕೂಟ 2023ರಲ್ಲಿ ಕಟ್ಟಳೆ ಮಾಡಿತು: ಕೆಲವು ವಿನಾಯಿತಿಗಳನ್ನು ಬಿಟ್ಟರೆ, 2027ರ ಫೆಬ್ರುವರಿ 18ರಿಂದ ಇಂಥ ಬ್ಯಾಟರಿಗಳನ್ನು ಬಳಸುವವನೇ ತೆಗೆದು ಹಾಕುವಂತಿರಬೇಕು, ಹೊಂದುವ ಬೇರೆ ಬ್ಯಾಟರಿಯನ್ನು ತಂತ್ರಾಂಶದಿಂದ ತಡೆಯಕೂಡದು. ನಮ್ಮ ಕೇಂದ್ರ ಸರ್ಕಾರ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಒಂದು ಜಾಲತಾಣ ತೆರೆಯಿತು. ಸಂತೋಷ. ಆದರೆ ಮಾಹಿತಿ ಬೇರೆ, ಕಟ್ಟಳೆ ಬೇರೆ.

ಈ ವಿಷಯ ಮಂಡ್ಯ ಜಿಲ್ಲೆಗೆ ದೂರದ್ದಲ್ಲ. ಇಂದು ನಮ್ಮ ಜಿಲ್ಲೆಯಲ್ಲಿರುವ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಸುತ್ತಲ ಹಳ್ಳಿಗಳು ಕತ್ತಲಲ್ಲೇ ಉಳಿದವು. ಈಗ ನಮ್ಮ ಮರಳಗಾಲ-ಅಲ್ಲಾಪಟ್ಟಣದ ಬಂಡೆಗಳಲ್ಲಿ 1,600 ಟನ್ ಲಿಥಿಯಂ ಇರುವ ಅಂದಾಜನ್ನು ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿತು. ಅದು ಮೊದಲ ಹಂತದ ಲೆಕ್ಕ. ಗಣಿಯಾದೀತೋ ಇಲ್ಲವೋ ಮುಂದಿನ ಮಾತು. ಆದರೆ ಪ್ರಶ್ನೆಯನ್ನು ಈಗಲೇ ಕೇಳಬೇಕು. ಮಣ್ಣು ನಮ್ಮದು, ಅಗೆಯುವ ತೋಳು ನಮ್ಮದು, ಕೊಳ್ಳುವ ಹಣವೂ ನಮ್ಮದು. ಕೊಳಗ ಮಾತ್ರ ಇನ್ನೊಬ್ಬನದೇ?

ನಮ್ಮ ಬೇಡಿಕೆ ದೊಡ್ಡದಲ್ಲ. ಬ್ಯಾಟರಿ ಕಳಚುವಂತಿರಲಿ; ಬಿಡಿಭಾಗ ಬೆಳ್ಳೂರು ಕ್ರಾಸಿನಲ್ಲೂ ದೊರೆಯಲಿ; ದೋಷದ ಮಾತು ಕನ್ನಡದಲ್ಲಿ ಬರಲಿ; ಸರ್ಕಾರ ವಿದ್ಯಾರ್ಥಿಗಳಿಗಾಗಿ ಯಂತ್ರ ಕೊಳ್ಳುವಾಗ ಟೆಂಡರಿನಲ್ಲೇ ಈ ಷರತ್ತು ಬರೆಯಲಿ. ಉಳುವವನೇ ಹೊಲದೊಡೆಯ ಎಂದ ನಾಡಿದು. ಕೊಂಡವನು ತಾನು ಕೊಂಡ ವಸ್ತುವಿಗೆ ಒಡೆಯನಾಗಲಿ ಎಂದು ಕೇಳಿದರೆ ಅದು ಅತಿಯಾಸೆಯಾದೀತೇ?