ಹೋಟೆಲು ಹುಡುಗನಿಗೆ ಗಿಟಾರು ಯಾಕೆ?



ಕಳೆದ ತಿಂಗಳ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಒಂದು ಸಣ್ಣ ಸೂಚನೆ ಬಂದಿತು. ಸಂಘದ ಖೋಲಿಯಲ್ಲಿ ಒಂದು ಗಟ್ಟಿ ಮೇಜು, ಬೀಗವಿರುವ ಒಂದು ಕಪಾಟು, ನಾಲ್ಕಾರು ಹತ್ಯಾರುಗಳು ಇರಲಿ. ರಜೆಯ ದಿನ ಸದಸ್ಯರು ಅಲ್ಲಿ ಕುಳಿತು ತಮ್ಮ ಕೈಕೆಲಸ ಮಾಡಿಕೊಳ್ಳಲಿ ಎಂಬುದೇ ಆ ಸೂಚನೆ. ಇದಕ್ಕೆಲ್ಲ ಕಾರಣ ಒಂದು ಗಿಟಾರು ಎಂದು ತಿಳಿದ ಕೂಡಲೇ ಕೆಲವರು ನಕ್ಕರು. ಹಿರಿಯರೊಬ್ಬರು, "ಊರಿಗೆ ಹಣ ಕಳಿಸಲು ಬಂದ ಹೋಟೆಲು ಹುಡುಗನಿಗೆ ಗಿಟಾರು ಯಾಕೆ?" ಎಂದರು. ಸೂಚನೆ ಮುಂದಿನ ಸಭೆಗೆ ಹೋಯಿತು.

ಪ್ರಶ್ನೆ ಅನ್ಯಾಯದ್ದಲ್ಲ. ಐದು ತಿಂಗಳ ಹಿಂದೆ ನಾನೂ ಅದನ್ನೇ ಕೇಳಿದ್ದೆ. ಆದುದರಿಂದ ಉತ್ತರ ಹೇಳುವ ಭಾರವೂ ನನ್ನದೇ.

ಹುಡುಗ ಕುಂದಾಪುರದ ಕಡೆಯವನು. ಅಂಧೇರಿಯ ಒಂದು ಹೋಟೆಲಿನಲ್ಲಿ ಮಾಣಿ. ಒಂದು ಶುಕ್ರವಾರ, ತನ್ನ ರಜೆಯ ದಿನ, ಬೆಳಿಗ್ಗೆಯೇ ಚೋರ್ ಬಜಾರಿಗೆ ಹೋಗಿ, ಬೀದಿಯಲ್ಲಿ ಹರಡಿದ್ದ ಹಳೆಯ ಸಾಮಾನುಗಳ ನಡುವಿನಿಂದ 600 ರೂಪಾಯಿಗೆ ಒಂದು ಮರದ ಹಲಗೆಯನ್ನು ತಂದ. ಯಾರೋ ಕೊರೆಯಲು ತೊಡಗಿ ಅರ್ಧಕ್ಕೇ ಬಿಟ್ಟ ವಿದ್ಯುತ್ ಗಿಟಾರಿನ ಮೈ ಅದು. ಕುತ್ತಿಗೆಯಿಲ್ಲ, ತಂತಿಯಿಲ್ಲ, ಬಣ್ಣವೂ ಇಲ್ಲ. ಅಡುಗೆಯವರು, "ಹೊಸ ತುರಿಮಣೆ ಬಂತು" ಎಂದು ಹಾಸ್ಯ ಮಾಡಿದರು. ಆ ಹಣವನ್ನು ಅಮ್ಮನಿಗೆ ಕಳಿಸಬಾರದಿತ್ತೇ ಎಂದು ನಾನು ಗದರಿಸಿದೆ. "ಅಮ್ಮನಿಗೆ ಕಳಿಸಿ ಉಳಿದದ್ದೇ ಅಣ್ಣ. ಮೂರು ತಿಂಗಳ ಸಿನೆಮಾದ ಹಣ" ಎಂದ. ನಾನು ಸುಮ್ಮನಾದೆ.

ಎರಡನೆಯ ವಾರ ಹೋಟೆಲಿನ ಮೇನೇಜರು ಮಲಗುವ ಖೋಲಿಯನ್ನು ಶುಚಿ ಮಾಡಿಸುವಾಗ ಆ ಹಲಗೆಯನ್ನು ಭಂಗಾರದ ಗೋಣಿಗೆ ಹಾಕಿಸಿಬಿಟ್ಟರು. ಗೋಣಿ ಗಾಡಿಗೆ ಏರುವ ಮೊದಲು ಹುಡುಗ ಕಂಡದ್ದರಿಂದ ಉಳಿಯಿತು. ಅಂದು ರಾತ್ರಿ ಅವನು ಅದನ್ನು ಹೊತ್ತುಕೊಂಡು ಸಂಘಕ್ಕೆ ಬಂದ. ಒಂದು ಟ್ರಂಕು, ಒಂದು ಚಾಪೆ, ಇವೆರಡರ ಹೊರತು ಈ ಶಹರದಲ್ಲಿ ತನ್ನದೆಂಬ ಜಾಗವಿಲ್ಲದವನ ಸಂಕಟ ನನಗೆ ಹೊಸತಲ್ಲ. ಮೂಲೆಯಲ್ಲಿ ಇಡು ಎಂದೆ.

ಆಮೇಲೆ ನಡೆದುದೇ ನಾನು ಹೇಳಬೇಕಾದ ಸಂಗತಿ.

ವಿದ್ಯುತ್ ಗಿಟಾರಿನ ಒಳಗುಟ್ಟು ಬಹಳ ಸರಳ. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತ. ಅದರ ಸುತ್ತ ಕೂದಲಿನಷ್ಟು ಸಪುರವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಇದಕ್ಕೆ ಪಿಕಪ್ ಎನ್ನುತ್ತಾರೆ. ಮೇಲಿನ ತಂತಿ ಅದುರಿದರೆ ಸುರುಳಿಯಲ್ಲಿ ಅಷ್ಟಿಷ್ಟು ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫಾಯರು ಅದನ್ನು ಬಲಪಡಿಸಿ ಸ್ಪೀಕರಿಗೆ ಕೊಡುತ್ತದೆ. ಹುಡುಗನಿಗೆ ಅಗ್ಗದಲ್ಲಿ ಸಿಕ್ಕಿದ ಹಳೆಯ ಪಿಕಪ್ಪಿನ ಸುರುಳಿ ಒಳಗೇ ತುಂಡಾಗಿತ್ತು. ಹೊಸತಾಗಿ ಸುತ್ತಬೇಕು. ಸುತ್ತುವವರು ಯಾರು?

ನಮ್ಮ ಹಿರಿಯ ಸದಸ್ಯರೊಬ್ಬರು ಪರೇಲಿನ ಗಿರಣಿಯೊಂದರ ನೂಲುವ ಖಾತೆಯಲ್ಲಿದ್ದವರು. 1982ರ ಜನವರಿ 18ರಂದು ಎರಡು ಲಕ್ಷಕ್ಕೂ ಮಿಕ್ಕಿದ ಕಾರ್ಮಿಕರ ಮುಷ್ಕರ ಆರಂಭವಾದಾಗ ಅವರಿಗೆ ಇಪ್ಪತ್ತೆರಡು ವರ್ಷ. ಮತ್ತೆ ಗಿರಣಿಯೊಳಗೆ ಕಾಲಿಡಲಿಲ್ಲ. ಕಟ್ಟಡಗಳ ಕಾವಲು ಕಾಯುತ್ತಲೇ ಮುದುಕರಾದರು. ಅವರು ಹಳೆಯ ಹೊಲಿಗೆ ಯಂತ್ರದ ಗಾಲಿಗೆ ಆ ಸುರುಳಿಯನ್ನು ಸಿಕ್ಕಿಸಿ, ತಾಮ್ರದ ತಂತಿಯನ್ನು ಎರಡು ಬೆರಳ ನಡುವೆ ಹರಿಯಬಿಟ್ಟರು. ಬಿಗಿ ಹೆಚ್ಚಿದರೆ ತುಂಡು, ತಗ್ಗಿದರೆ ಸಡಿಲ. ಎರಡು ಸಲ ತುಂಡಾಯಿತು, ಮೂರನೆಯ ಸಲ ನಿಂತಿತು. "ನೂಲಿಗೂ ಇದಕ್ಕೂ ಏನು ಭೇದ?" ಎಂದರು. ನಾಲ್ವತ್ತಕ್ಕೂ ಹೆಚ್ಚು ವರ್ಷ ಆ ಬೆರಳುಗಳ ವಿದ್ಯೆಯನ್ನು ಈ ಶಹರದಲ್ಲಿ ಯಾರೂ ಕೇಳಿರಲಿಲ್ಲ.

ದೋಸೆಯ ಕಾವಲಿ ಉಜ್ಜಿ ಪಳಗಿದ ಇನ್ನೊಬ್ಬ, ಮರದ ಎಳೆ ಹಿಡಿದು ಪಾಲಿಶ್ ಕಾಗದದಿಂದ ಮೈಯನ್ನು ನುಣುಪು ಮಾಡಿದ. ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆಯ ಉಂಡೆಯಿಂದ ತೆಳ್ಳಗೆ ಬಳಿಯುವುದನ್ನು ನೆರೆಯ ಪಾಲಿಶ್ ಕಾರಿಗರ ಕಲಿಸಿದ. ಕುತ್ತಿಗೆಯೊಂದನ್ನು ಮಾತ್ರ ಹೊಸತು ಕೊಂಡು ನಾಲ್ಕು ಸ್ಕ್ರೂಗಳಿಂದ ಬಿಗಿದರು. ಅದರ ಮೇಲಿನ ಕಪ್ಪು ಹಲಗೆ ಬೀಟೆಮರದ್ದು, ನಮ್ಮ ಮಲೆನಾಡಿನ ಕಾಡಿನಲ್ಲಿ ಬೆಳೆಯುವ ಜಾತಿ. ಸ್ವಿಚ್ಚು, ವಯರು, ಗುಂಡಿಗಳು ಲ್ಯಾಮಿಂಗ್ಟನ್ ರಸ್ತೆಯಿಂದ ಬಂದವು.

ತಪ್ಪುಗಳೂ ಆದುವು. ತಂತಿ ಹೊರುವ ಕುದುರೆಯನ್ನು ಹುಡುಗ ಕಣ್ಣಳತೆಯಲ್ಲಿ ಕೂರಿಸಿದ. ಕೆಳಗಿನ ಮೆಟ್ಟಿಲುಗಳಲ್ಲಿ ಸ್ವರವೆಲ್ಲ ಅಪಸ್ವರ. ತಲೆಯ ಪಟ್ಟಿಯಿಂದ ಹನ್ನೆರಡನೆಯ ಮೆಟ್ಟಿಲಿಗೆ 12¾ ಅಂಗುಲವಿದ್ದರೆ, ಅಲ್ಲಿಂದ ಕುದುರೆಗೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಬೆರಳೊತ್ತಿದಾಗ ತಂತಿ ಬಿಗಿಯುವುದರಿಂದ ಕೂದಲೆಳೆಯಷ್ಟು ಹಿಂದಕ್ಕೆ. ತೂತುಗಳಿಗೆ ಬೆಂಕಿಕಡ್ಡಿಯನ್ನು ಅಂಟುಹಾಕಿ ಬಡಿದು, ಹೊಸತಾಗಿ ಕೊರೆದರು. ಆಮೇಲೆ ಗುಂಯ್ ಎಂಬ ಸದ್ದು. ಕುದುರೆಗೆ ಅರ್ತಿಂಗ್ ವಯರು ಜೋಡಿಸಲು ಮರೆತಿದ್ದರು. ಐದು ತಿಂಗಳು, ವಾರಕ್ಕೊಂದು ರಜೆ, ಒಟ್ಟು ಆರು ಸಾವಿರದ ಒಳಗಿನ ಖರ್ಚು.

ಈಗ ಆಕ್ಷೇಪಗಳಿಗೆ ಬರುತ್ತೇನೆ.

ಎಂಟು ಮಂದಿ ಮಲಗುವ ಖೋಲಿಯಲ್ಲಿ ಗದ್ದಲವಾಗದೇ ಎನ್ನುತ್ತಾರೆ. ಇದರ ಮೈ ಟೊಳ್ಳಲ್ಲ, ಇಡಿಯ ಹಲಗೆ. ಆಂಪ್ಲಿಫಾಯರು ಇಲ್ಲದಿದ್ದರೆ ಪಕ್ಕದ ಚಾಪೆಯವನಿಗೂ ನಿದ್ದೆ ಕೆಡುವುದಿಲ್ಲ. ಕಿವಿಗೆ ಇಯರ್‌ಫೋನ್ ಹಾಕಿದರೆ ಬಾರಿಸುವವನಿಗೆ ಮಾತ್ರ ಪೂರ್ತಿ ನಾದ. ಬಡವರ ಖೋಲಿಗೆ ಇದಕ್ಕಿಂತ ಹೊಂದುವ ವಾದ್ಯ ಕಡಿಮೆ.

ಇದು ನಮ್ಮದಲ್ಲ, ಶ್ರೀಮಂತರ ಷೋಕಿ ಎನ್ನುತ್ತಾರೆ. ಲಾಲ್‌ಬಾಗ್, ಪರೇಲಿನ ಗಣಪತಿ ಮೆರವಣಿಗೆಯ ಬೆಂಜೊ ಯಾರದ್ದು? 1912ರಲ್ಲಿ ಜಪಾನಿನ ನಗೋಯಾದಲ್ಲಿ ಹುಟ್ಟಿದ ವಾದ್ಯ ಅದು. ಪಿಕಪ್ ಹಚ್ಚಿ, ಬೀದಿಗೆ ಕೇಳುವಂತೆ ಮಾಡಿ ಅದನ್ನು ಮುಂಬಯಿಯದ್ದಾಗಿಸಿದವರು ಬೆಂಜೊ ಮೇಳಗಳ ಸಾಮಾನ್ಯ ಹುಡುಗರು. ಇಂಗ್ಲೆಂಡಿನ ಬ್ರಯಾನ್ ಮೇ ಎಂಬಾತ 1963ರಲ್ಲಿ ತಂದೆಯ ಜೊತೆ ಸೇರಿ, ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರದಿಂದ, ಮೋಟಾರ್ ಸೈಕಲಿನ ಸ್ಪ್ರಿಂಗು ಹಾಕಿ ಗಿಟಾರು ಮಾಡಲು ತೊಡಗಿದ. ಕ್ವೀನ್ ಮೇಳದಲ್ಲಿ ಲೋಕವೆಲ್ಲ ಕೇಳಿದ್ದು ಅದನ್ನೇ. ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿ ತಗಡಿನ ಕಾರ್ಖಾನೆಯ ಕೂಲಿ. ಹದಿನೇಳರ ವಯಸ್ಸಿನಲ್ಲಿ, ಕೆಲಸದ ಕೊನೆಯ ದಿನ, ಯಂತ್ರ ಅವನ ಎರಡು ಬೆರಳ ತುದಿಗಳನ್ನು ತಿಂದಿತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡು ಮತ್ತೆ ಬಾರಿಸಿದ. ಇವನ್ನೆಲ್ಲ ನನಗೆ ಹೇಳಿದವನು ಆ ಮಾಣಿಯೇ.

ವಾರದ ರಜೆಯನ್ನು 1948ರ ಅಂಗಡಿ ಕಾನೂನು ನಮಗೆ ಕೊಟ್ಟಿತು. 2017ರ ಮಹಾರಾಷ್ಟ್ರದ ಕಾನೂನಿನಲ್ಲೂ ಅದು ಉಂಟು. ಅದನ್ನು ಮಾಲಕರ ಕೈಯಿಂದ ಪಡೆಯಲು ಇಂದಿಗೂ ಹೋರಾಡುತ್ತೇವೆ. ಪಡೆದ ಮೇಲೆ ಆ ದಿನ ಏನು ಮಾಡುವುದೆಂದು ಯೋಚಿಸಿದ್ದೇವೆಯೇ? ಮಲಗಿ ಎದ್ದು ಮರುದಿನದ ಪಾಳಿಗೆ ಸಿದ್ಧನಾಗುವುದಷ್ಟೇ ಆದರೆ ಆ ರಜೆಯೂ ಮಾಲಕರ ಉಪಯೋಗಕ್ಕೇ ಹೋಯಿತು.

ನಾನು ಎಲ್ಲರಿಗೂ ಗಿಟಾರು ಬೇಕೆನ್ನುವುದಿಲ್ಲ. ಒಬ್ಬನಿಗೆ ರೇಡಿಯೋ, ಒಬ್ಬನಿಗೆ ಯಕ್ಷಗಾನದ ಕಿರೀಟ. ಕೇಳುವುದು ಒಂದು ಮೇಜು, ಒಂದು ಬೀಗ, ಹತ್ಯಾರಿಗೆ ಒಂದು ಲೆಕ್ಕದ ಪುಸ್ತಕ. ಚಂದಾ ಏರಿಸಬೇಕಾಗಿಲ್ಲ, ಹಳೆಯ ಮೇಜೊಂದನ್ನು ಕೊಡಲು ಸದಸ್ಯರೊಬ್ಬರು ಒಪ್ಪಿದ್ದಾರೆ. ಸೂಚನೆಯನ್ನು ಮುಂದಿನ ಸಭೆಯಲ್ಲಿ ನಾನೇ ಮಂಡಿಸುತ್ತೇನೆ. ವಿರೋಧಿಸುವವರು ಅಗತ್ಯ ಬರಲಿ. ಗಿಟಾರು ಸಂಘದ ಮೂಲೆಯಲ್ಲಿದೆ, ಸುರುಳಿ ಸುತ್ತಿದ ಹಿರಿಯರೂ ಅಂದು ಬರುತ್ತಾರೆ. "ಯಾಕೆ?" ಎಂಬ ಪ್ರಶ್ನೆಯನ್ನು ಅವರ ಎದುರಿಗೇ ಕೇಳೋಣ.