ಪ್ಲಗ್ ಬದಲಿಸೋ ಮುಂಚೆ

ಮಾರ್ಚ್ ಮುಗಿಯಿತೆಂದರೆ ನಮ್ಮ ಕರಜಗಿ ಕಡೆಯ ಹಳೇ ಯೆಜ್ಡಿಗಳಿಗೆ ಒಂದು ರೋಗ ಶುರುವಾಗುತ್ತೆ. ಬೆಳಗ್ಗೆ ಒಂದೇ ಕಿಕ್‌ಗೆ ಗಾಡಿ ಚಾಲೂ. ಎಂಟ್ಹತ್ತು ಕಿಲೋಮೀಟರ್ ಹೋದ ಮೇಲೆ ಎರಡು ಸಲ ಕೆಮ್ಮಿ ನಿಂತುಬಿಡುತ್ತೆ. ಬೇವಿನ ನೆರಳಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತೆ. ಆಗ ಎಲ್ಲರೂ ಮಾಡೋದು ಒಂದೇ ಕೆಲಸ, ಹೊಸ ಪ್ಲಗ್ ಹಾಕೋದು.

ನಮ್ಮ ಕಾಕಾ ಹೋದ ಬೇಸಿಗೆಯಲ್ಲಿ ನಾಲ್ಕು ಪ್ಲಗ್ ಹಾಕಿಸಿದ್ರು. (ಬೆಂಗಳೂರಿನ ಮೈಕೋ ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಿಸಿದೆ, ಕಾಕಾನ ಬಾಯಲ್ಲಿ ಇನ್ನೂ 'ಮೈಕೋ ಪ್ಲಗ್'.) ಗಾಡಿ ಪಾಯಿಂಟ್ ಇರೋ ರೋಡ್‌ಕಿಂಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಅಂದ್ರೆ ಅಲ್ಲಿಂದ ಬಂದ ಕೊನೇ ಗಾಡಿಗೂ ಈಗ ಮೂವತ್ತರ ಹತ್ತಿರ ವಯಸ್ಸು. ಪುಣೆಯಲ್ಲಿರೋ ಮಗ "ಗುಜರಿಗಿ ಹಾಕ್ರಿ ಅಪ್ಪಾ, ಹೊಸಾದು ಕೊಡಸ್ತೀನಿ" ಅಂತ ಹಠ ಹಿಡಿದಿದ್ದ. ಗುಜರಿಯವ ಬಂದು ನೋಡಿಕೊಂಡೂ ಹೋಗಿದ್ದ.

"ಗಾಡಿ ಮ್ಯಾಲ ಸಿಟ್ಟಿಲ್ಲೋ ತಮ್ಮಾ. ಉರಿಬಿಸಲಾಗ ಹೊಲದ ದಾರಿ ನಡುವ ನಿಂತ್ರ ಈ ವಯಸ್ಸಿಗಿ ದಬ್ಬಲಾಕ ಆಗಲ್ಲ" ಅಂದ್ರು ಕಾಕಾ ಫೋನಿನಲ್ಲಿ.

ಬಿಚ್ಚಿದ ಪ್ಲಗ್ ಬಿಸಾಡಬೇಡಿ, ಅದರ ತುದಿ ನೋಡಿ. ಕಾಫಿಪುಡಿ ಬಣ್ಣ ಇದ್ದರೆ ಇಂಜಿನ್ ಆರಾಮಾಗಿದೆ. ಸುಣ್ಣದಂಥ ಬಿಳಿ ಇದ್ದರೆ ಅತಿಯಾಗಿ ಕಾಯ್ತಾ ಇದೆ, ಪಿಸ್ಟನ್ ಜಾಮ್ ಆಗೋ ಮುಂಚೆ ಓಡಿಸೋದು ನಿಲ್ಲಿಸಿ. ಕಪ್ಪಗೆ ಒದ್ದೆಯಾಗಿದ್ದರೆ ಒಂದೋ ಪೆಟ್ರೋಲ್–ಆಯಿಲ್ ಜಾಸ್ತಿ, ಇಲ್ಲವೇ ಕಿಡಿಯೇ ಸರಿಯಾಗಿ ಬರ್ತಿಲ್ಲ. ಕಾಕಾನ ನಾಲ್ಕೂ ಪ್ಲಗ್ ಒದ್ದೆ ಕಪ್ಪು. ಪ್ಲಗ್ ಹಾಳಾಗಿ ಕಿಡಿ ನಿಂತಿರಲಿಲ್ಲ, ಕಿಡಿ ನಿಂತು ಪ್ಲಗ್ ನೆನೆದಿತ್ತು.

ಪರೀಕ್ಷೆಯನ್ನು ಗಾಡಿ ನಿಂತ ಕೂಡಲೇ ಮಾಡಬೇಕು, ತಣ್ಣಗಾದರೆ ಕಳ್ಳ ಸಿಗಲ್ಲ. ಇಂಜಿನ್ನಿನ ಪ್ಲಗ್ ಹಾಗೇ ಇರಲಿ, ಪೆಟ್ರೋಲ್ ಕಾಕ್ ಬಂದ್ ಮಾಡಿ. ಜೊತೆಗಿರೋ ಇನ್ನೊಂದು ಪ್ಲಗ್ಗನ್ನು ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಮೈ ಇಂಜಿನ್‌ಗೆ ತಾಗುವಂತೆ ಇಡಿ. ಕೈಯಲ್ಲಿ ಹಿಡಿಯಬೇಡಿ, ಜಬರದಸ್ತ್ ಶಾಕ್ ಹೊಡೆಯುತ್ತೆ. ಚಾವಿ ಆನ್ ಮಾಡಿ ಕಿಕ್ ಹೊಡೆದಾಗ ಚಟ್ ಅಂತ ನೀಲಿ ಕಿಡಿ ಬಂದರೆ ಕರೆಂಟ್ ಸರಿ ಇದೆ, ಕಾರ್ಬೋರೇಟರ್ ಕಡೆ ನೋಡಿ. ಹಳದಿ, ಬಡಕಲು ಕಿಡಿ ಬಂದರೆ ಕವರ್ ಬಿಚ್ಚಿ ಪಾಯಿಂಟ್ ನೋಡಿ.

ಕಾಕಾನ ಗಾಡಿಯಲ್ಲಿ ಪಾಯಿಂಟ್ ನಡುವೆಯೇ ದೊಡ್ಡ ಕಿಡಿ ಹಾರ್ತಿತ್ತು. ಅದು ಕಂಡೆನ್ಸರ್ ಸತ್ತ ಲಕ್ಷಣ. ಕಿರುಬೆರಳ ತುದಿಯಷ್ಟು ಡಬ್ಬಿ ಅದು. ಪಾಯಿಂಟ್ ತೆರೆದಾಗ ಅಲ್ಲಿ ನುಗ್ಗೋ ಕರೆಂಟನ್ನು ಹೀರಿಕೊಳ್ಳುತ್ತೆ, ಆಗಲೇ ಕಾಯಿಲ್‌ನಲ್ಲಿ ಪ್ಲಗ್‌ಗೆ ಬೇಕಾದ ಸಾವಿರಾರು ವೋಲ್ಟ್ ಹುಟ್ಟೋದು. ಹಳತಾದ ಕಂಡೆನ್ಸರ್ ಒಳಗಿನ ಪದರ ಬಿಸಿಗೆ ಸೋರುತ್ತೆ, ತಣ್ಣಗಾದರೆ ಸುಧಾರಿಸುತ್ತೆ. ಬೇವಿನ ನೆರಳಿನ ಪವಾಡ ಇಷ್ಟೇ.

ಪೇಟೆಯ ಅಂಗಡಿಯೊಂದು ಕೊಟ್ಟ ಮೊದಲನೇ ಕಂಡೆನ್ಸರ್ ಡೂಪ್ಲಿಕೇಟ್, ವಾರದಲ್ಲೇ ಹೋಯ್ತು. ಎರಡನೆಯದನ್ನು ನಮ್ಮ ಮಿಸ್ತ್ರಿ ಇಂಜಿನ್ ಕಾವಿನಿಂದ ಆಚೆ, ತಂತಿ ಉದ್ದ ಮಾಡಿ ಕಾಯಿಲ್ ಹತ್ತಿರ ಕೂರಿಸಿದ. ಡಬ್ಬಿಯ ಮೈಗೆ ಅರ್ಥಿಂಗ್ ಸಿಗೋ ಹಾಗೆ ಬಿಗಿದ. ಸುಟ್ಟ ಪಾಯಿಂಟ್ ಬದಲಿಸಿ ಗ್ಯಾಪ್ 0.4 ಮಿ.ಮೀ. ಇಟ್ಟ. ಒಟ್ಟು ಖರ್ಚು ನಾಲ್ಕು ಪ್ಲಗ್‌ಗಿಂತ ಕಡಿಮೆ. ಗುಜರಿಯವ ಎರಡನೇ ಸಲ ಬಂದಾಗ ಮನೇಲಿ ಕಾಕಾನೂ ಇರಲಿಲ್ಲ, ಗಾಡಿನೂ ಇರಲಿಲ್ಲ.

ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಕಿಟ್ ಹಾಕಿಸಲಾ ಅಂತ ಬೆಂಗಳೂರಿನ ಹುಡುಗರು ಕೇಳ್ತೀರಿ. ಸಿಟಿಯಲ್ಲಿ ಓಡಿಸೋರು ಹಾಕಿಸಿಕೊಳ್ಳಿ, ತಲೆನೋವು ಕಮ್ಮಿ. ಊರಲ್ಲಿರೋ ಗಾಡಿಗೆ ನಾನಂತೂ ಹಾಕಿಸಲ್ಲ. ಕಿಟ್ ಕೆಟ್ಟರೆ ಹೊಸದು ಬರೋವರೆಗೆ ಗಾಡಿ ನಿಂತೇ ಇರುತ್ತೆ, ಪಾಯಿಂಟನ್ನು ಹೊಲದ ಬದುವಿನಲ್ಲಿ ಕೂತು ಪಾಲಿಶ್ ಪೇಪರಿನಿಂದ ಉಜ್ಜಿಕೊಂಡಾದರೂ ಮನೆ ಸೇರಬಹುದು. ಟೂಲ್ ಬಾಕ್ಸ್‌ನಲ್ಲಿ ಒಂದು ಒಣ ಪ್ಲಗ್, ಒಂದು ಒಳ್ಳೇ ಕಂಡೆನ್ಸರ್, ಒಂದು ಫೀಲರ್ ಗೇಜ್ ಇಟ್ಟುಕೊಳ್ಳಿ. ಕಾಕಾ ಇವನ್ನೆಲ್ಲ ಎಲೆಅಡಿಕೆ ಚೀಲದಲ್ಲೇ ಇಟ್ಕೊಂಡಾರ.