ದಾಳಿಂಬೆಯ ರೋಗಾಣುವಿನ ನಾಮಾಂತರಗಳು

ಮುನಿರಾಬಾದಿನ ಅಣೆಕಟ್ಟಿನಿಂದ ಹೊರಡುವ ತುಂಗಭದ್ರೆಯ ಎಡದಂಡೆ ಕಾಲುವೆಯು ಗಂಗಾವತಿಯ ಗದ್ದೆಗಳಿಗೆ ನೀರುಣಿಸುತ್ತದೆ. ಆ ನೀರು ಏರದ ಕುಷ್ಟಗಿ, ಯಲಬುರ್ಗಾ ಸೀಮೆಗಳಲ್ಲಿ ರೈತರು ಕೊಳವೆಬಾವಿಯನ್ನು ನಂಬಿ ದಾಳಿಂಬೆ ಬೆಳೆಯುತ್ತಾರೆ. ಈ ಶತಮಾನದ ಮೊದಲ ದಶಕದಲ್ಲಿ ದುಂಡಾಣು ಅಂಗಮಾರಿಯೆಂಬ ರೋಗವು ಇಂಥ ತೋಟಗಳನ್ನು ಹೊಕ್ಕು, ಎಲೆಯ ಮೇಲಣ ಚುಕ್ಕೆಯಾಗಿ ಮೊದಲಾಗಿ, ಹಣ್ಣನ್ನು ಬಿರಿಸಿ, ಅನೇಕರು ಗಿಡಗಳನ್ನೇ ಕಿತ್ತೊಗೆಯುವಂತೆ ಮಾಡಿತು.

ಈ ರೋಗದ ವಿಷಯವಾಗಿ ಬಂದ ಬರಹಗಳನ್ನು ಕಾಲಕ್ರಮದಲ್ಲಿ ಇಟ್ಟು ಓದುವವರಿಗೆ ಒಂದು ಸೋಜಿಗವಿದೆ. ರೋಗಾಣು ಒಂದೇ, ಹೆಸರು ನಾಲ್ಕು! ಹೊಸ ಹೆಸರನ್ನು ಕಂಡ ಗೃಹಸ್ಥನು ಹೊಸ ರೋಗವೇ ಬಂದಿತೆಂದು ಬೆದರಿ ಹೊಸ ಔಷಧಕ್ಕೆ ಹಣ ಸುರಿದರೆ ಆಶ್ಚರ್ಯವೇನು? ಆದಕಾರಣ ಈ ನಾಮಾಂತರದ ಮರ್ಮವನ್ನು ವಾಚಕರು ಅರಿತಿರುವುದು ಒಳ್ಳೆಯದು.

1952ರಲ್ಲಿ ದೆಹಲಿಯಿಂದ ಈ ರೋಗದ ಮೊದಲ ವರದಿ ಬಂದಿತು. 1959ರಲ್ಲಿ ಹಿಂಗೋರಾನಿ ಮತ್ತು ಸಿಂಗ್ ಎಂಬ ಶಾಸ್ತ್ರಜ್ಞರು ರೋಗಾಣುವಿಗೆ ‘ಕ್ಸಾಂಥೊಮೊನಾಸ್ ಪ್ಯೂನಿಸಿ’ ಎಂದು ಹೆಸರಿಟ್ಟರು. ಮೊದಲನೆಯ ಪದವು ಹಳದಿ ಬಣ್ಣದ ಅಣುಜೀವಿಗಳ ಮನೆತನವನ್ನು ಸೂಚಿಸುವುದು. ಎರಡನೆಯದು ದಾಳಿಂಬೆಯ ಲ್ಯಾಟಿನ್ ಹೆಸರಿನಿಂದ ಬಂದುದು. ಹೊಸ ಗಿಡದಲ್ಲಿ ರೋಗ ಕಂಡೊಡನೆ ಹೊಸ ಜಾತಿಯೆಂದು ಎಣಿಸುವುದು ಅಂದಿನ ಪದ್ಧತಿ. ಹೀಗೆ ಎಣಿಸುತ್ತ ಹೋಗಿ ಆ ಒಂದೇ ಮನೆತನದಲ್ಲಿ ನೂರಕ್ಕೂ ಮಿಕ್ಕ ಜಾತಿಗಳಾದವು. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಿದರೋ, ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದೇ ಕಷ್ಟ. 1980ರ ಜನವರಿ 1ರಂದು ಅಂಗೀಕೃತ ನಾಮಗಳ ಪಟ್ಟಿಯು ಜಾರಿಗೆ ಬಂದಾಗ, ಅಣುಜೀವಿಗಳ ಸಾವಿರಾರು ಹಳೆಯ ಹೆಸರುಗಳು ಮಾನ್ಯತೆ ಕಳೆದುಕೊಂಡವು. ದಾಳಿಂಬೆಯ ರೋಗಾಣುವು ಎಲೆಕೋಸಿನ ರೋಗಾಣುವಾದ ‘ಕ್ಯಾಂಪೆಸ್ಟ್ರಿಸ್’ ಜಾತಿಗೆ ದತ್ತು ಹೋಯಿತು. ಆದರೆ ಯಾವ ಗಿಡಕ್ಕೆ ಹತ್ತುವುದೆಂಬುದನ್ನು ತಿಳಿಯದೆ ರೈತನಿಗೆ ಗತಿಯಿಲ್ಲವಷ್ಟೆ; ಆದುದರಿಂದ ‘ಪ್ಯೂನಿಸಿ’ಯನ್ನು ರೋಗಭೇದದ ಹೆಸರಾಗಿ ಕೊನೆಯಲ್ಲಿ ಉಳಿಸಿಕೊಂಡರು.

1995ರಲ್ಲಿ ಡಿ.ಎನ್.ಎ.ಗಳನ್ನು ಹೋಲಿಸಿ ನೋಡಲಾಗಿ, ಅದು ‘ಆಕ್ಸೊನೊಪೋಡಿಸ್’ ಜಾತಿಗೆ ಸೇರಿತು. ಈಚೆಗೆ ಅಣುಜೀವಿಯ ವಂಶಲಿಪಿಯನ್ನೆಲ್ಲ ಓದಿ, ನೂರಕ್ಕೆ ಸುಮಾರು 95ರಷ್ಟು ಹೊಂದಿದರೆ ಒಂದೇ ಜಾತಿಯೆಂದು ನಿರ್ಣಯಿಸುತ್ತಾರೆ. ಅದರಂತೆ ನಮ್ಮ ರೋಗಾಣು ಈಗ ‘ಸಿಟ್ರಿ’, ಎಂದರೆ ನಿಂಬೆಯ ಕಜ್ಜಿರೋಗದ ದಾಯಾದಿ. ಈ ತೀರ್ಪು ಹಿಂದಿನವುಗಳಿಗಿಂತ ಗಟ್ಟಿಯಾದುದೆಂದು ನನ್ನೆಣಿಕೆ. ರೂಪವನ್ನು ನೋಡಿ ಊಹಿಸಿದ ನಂಟಲ್ಲ ಇದು.

ಹೆಸರಿಡುವವರಿಗೆ ಲೋಕದ ಪರಿವೆಯೇ ಇಲ್ಲವೆನ್ನಲಾಗದು. ಪ್ಲೇಗಿನ ‘ಯೆರ್ಸಿನಿಯ ಪೆಸ್ಟಿಸ್’ ಅದಕ್ಕಿಂತ ಬಹಳ ಸೌಮ್ಯವಾದ ಇನ್ನೊಂದು ಜಾತಿಯ ಒಳಭೇದವೆಂದು ಡಿ.ಎನ್.ಎ. ಹೇಳಿತು. ಆ ಪ್ರಕಾರ ಹೆಸರು ಬದಲಿಸಿದರೆ ವೈದ್ಯರು ಮೋಸಹೋಗಿ ಪ್ರಾಣಹಾನಿಯಾದೀತೆಂದು, 1985ರಲ್ಲಿ ನಾಮಕರಣದ ನ್ಯಾಯಮಂಡಲಿಯು ಹೊಸ ಹೆಸರನ್ನು ತಳ್ಳಿಹಾಕಿತು. ನಂಟು ನಿಜವಾದರೂ ಹೆಸರು ಹಳೆಯದೇ ನಿಂತಿತು.

ದಾಳಿಂಬೆಗೆ ಅಂಥ ವಿನಾಯಿತಿಯಿಲ್ಲ. ಮನೆಯಲ್ಲಿರುವ ಹಳೆಯ ಕೈಪಿಡಿಯಲ್ಲಿ ಮೊದಲ ಪದಗಳು ಏನೇ ಇರಲಿ, ಕೊನೆಗೆ ‘ಪ್ಯೂನಿಸಿ’ ಎಂದಿದ್ದರೆ ಅದು ಇದೇ ರೋಗ. ರೋಗ ತಗುಲಿದ ರೆಂಬೆಯನ್ನು ಕತ್ತರಿಸಿ ಸುಡಬೇಕು, ಕತ್ತರಿಯನ್ನು ಗಿಡಗಿಡಕ್ಕೂ ಶುದ್ಧಿಮಾಡಬೇಕು, ರೋಗವಿಲ್ಲದ ಸಸಿಯನ್ನೇ ನೆಡಬೇಕು ಎಂದು ಅದರಲ್ಲಿ ಹೇಳಿದ್ದರೆ, ಆ ಮಾತು ‘ಸಿಟ್ರಿ’ಯ ಕಾಲಕ್ಕೂ ಸಲ್ಲುತ್ತದೆ.